ಮನೆ ಮುಂದೆ ಮಾತ್ರ ಮಾತಾಡುವ ರೇಡಿಯೋ

ಗಡಿಯಾರದ ಅಂಗಡಿಯವರಿಗೆ ಮೇಷ್ಟ್ರ ಮೇಲೆ ಅನುಮಾನ ಹುಟ್ಟಿ ಆಗಲೇ ಆರು ದಿನವಾಗಿತ್ತು. ಹುಟ್ಟಿದ ಅನುಮಾನಕ್ಕೆ ಅವರೇ ಹೊತ್ತುಹೊತ್ತಿಗೆ ಉಣಿಸಿ ಚೆನ್ನಾಗಿ ಮೈ ಬರಿಸಿದ್ದರು.

ಸಂಗತಿ ಇಷ್ಟೇ. ಅವರ ಕಾರಿನ ಹ್ಯಾಮ್ ರೇಡಿಯೋ ಕೇಳುತ್ತಿತ್ತು, ಹೇಳುತ್ತಿರಲಿಲ್ಲ. ಊರಿನ ರೇಡಿಯೋ ಹವ್ಯಾಸಿಗಳ ಹರಟೆಯೆಲ್ಲ ಸ್ಪಷ್ಟವಾಗಿ ಬರುತ್ತಿತ್ತು. ಇವರು ಮೈಕಿನ ಗುಂಡಿ ಒತ್ತಿದರೆ ಪೆಟ್ಟಿಗೆಯ ಕೆಂಪು ದೀಪವೇ ಹತ್ತುತ್ತಿರಲಿಲ್ಲ. ಅದೂ ಕಾರು ಓಡುವಾಗ ಮಾತ್ರ. ಮನೆ ಮುಂದೆ ತಂದು ನಿಲ್ಲಿಸಿದರೆ ಏನೂ ಆಗದವರ ಹಾಗೆ ಮಾತಾಡುತ್ತಿತ್ತು.

ಭಾನುವಾರ ಸೈಕಲ್ ರೇಸ್. ಕೊನೆಯ ಸವಾರನ ಹಿಂದೆ ಕಾರು ಓಡಿಸುತ್ತ, ಯಾರು ಬಿದ್ದರು, ಯಾರು ನಿಂತರು ಎಂದು ರೇಡಿಯೋದಲ್ಲಿ ತಿಳಿಸುವ ಕೆಲಸ ಹನ್ನೊಂದು ವರ್ಷದಿಂದ ಇವರದೇ. ಅದೊಂದು ದಿನ ಊರೆಲ್ಲ ಅವರ ಮಾತಿಗೆ ಕಿವಿಗೊಡುತ್ತಿತ್ತು. ಶನಿವಾರ ಸಂಜೆಯೊಳಗೆ ಸರಿಯಾಗದಿದ್ದರೆ ಕೆಲಸ ಮೇಷ್ಟ್ರಿಗೆ ಎಂದು ಹವ್ಯಾಸಿಗಳ ಸಂಘದ ಕಾರ್ಯದರ್ಶಿ ಹೇಳಿಯಾಗಿತ್ತು. ಈ ನಿವೃತ್ತ ವಿಜ್ಞಾನದ ಮೇಷ್ಟ್ರ ಕಣ್ಣು ಆ ಕೆಲಸದ ಮೇಲೆ ಬಿದ್ದದ್ದು ಇಂದು ನಿನ್ನೆಯಲ್ಲ. ಹೋದ ವಾರ ಕಾಫಿಗೆ ಬಂದವರು ಕಾರಿನಲ್ಲಿ ಹತ್ತು ನಿಮಿಷ ಕೂತು, "ಏನು ನೀಟಾಗಿ ಕೂರಿಸಿದ್ದೀರಿ ಸಾರ್!" ಎಂದು ಹೊಗಳಿದ್ದರು. ಮೇಷ್ಟ್ರು ಯಾರನ್ನೂ ಸುಮ್ಮನೆ ಹೊಗಳುವ ಪೈಕಿ ಅಲ್ಲ.

ಅಂಗಡಿಯವರು ಏನನ್ನೂ ಬಿಡಲಿಲ್ಲ. ಫ್ಯೂಸ್ ಬದಲಿಸಿದರು. ಇಂಜಿನ್ ಓಡುವಾಗ, ನಿಂತಾಗ, ಎರಡು ಸಲವೂ ಬ್ಯಾಟರಿಯ ವೋಲ್ಟೇಜ್ ಅಳೆದರು. ಆಂಟೆನಾದ ಬುಡ ತಿಕ್ಕಿ ಫಳಫಳ ಮಾಡಿದರು. ಬೇರೆ ಮೈಕು ಸಿಕ್ಕಿಸಿದರು. ಮನೆ ಮುಂದೆ ಎಲ್ಲವೂ ಸರಿ, ರಸ್ತೆಗಿಳಿದರೆ ಮತ್ತದೇ ಮೌನವ್ರತ.

"ಮೇಷ್ಟ್ರದ್ದೇ ಕೈವಾಡ. ಬೇಕಾದ್ರೆ ಬರೆದುಕೊಡ್ತೀನಿ," ಎಂದು ಅಂಗಡಿಯಲ್ಲಿ ಮಗಳ ಮುಂದೆ ಗುಡುಗಿದರು.

ಮಗಳು ಒಂದು ಕೈಗಡಿಯಾರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಆರು ತಿಂಗಳ ಹಿಂದೆ ಕಾರು ರಸ್ತೆ ಬದಿಯ ಕಂಬಕ್ಕೆ ಗುದ್ದಿದಾಗ ಅಪ್ಪನ ಪಕ್ಕದ ಸೀಟಿನಲ್ಲಿದ್ದವಳು ಅವಳೇ. ಎಡ ಮಣಿಕಟ್ಟಿನೊಳಗೆ ಈಗಲೂ ಲೋಹದ ಪಟ್ಟಿ ಇತ್ತು. ಟೈರ್ ಸಿಡಿಯಿತು ಎಂದು ಅಪ್ಪ ಕಂಡಕಂಡವರಿಗೆಲ್ಲ ಹೇಳುವಾಗ ತುಟಿ ಪಿಟಕ್ಕೆನ್ನದೆ ಪಕ್ಕದಲ್ಲೇ ನಿಂತಿದ್ದಳು.

"ಮೇಷ್ಟ್ರಿಗೆ ಒಂದು ಪ್ಲಗ್ ನೆಟ್ಟಗೆ ಹಾಕೋಕೆ ಬರಲ್ಲಪ್ಪ. ಅವರ ಕೈಲಿ ಇಷ್ಟೆಲ್ಲ ಆಗುತ್ತಾ?"

"ಇಷ್ಟೆಲ್ಲ ಅಂದ್ರೆ ಎಷ್ಟು?"

"ನನಗೇನು ಗೊತ್ತು," ಎಂದು ಅವಳು ಚಿಮುಟ ಕೈಗೆತ್ತಿಕೊಂಡಳು.

ಇವಳು ಅವರ ಪರ ಯಾಕೆ ವಕಾಲತ್ತು ವಹಿಸುತ್ತಿದ್ದಾಳೆ? ಮೇಷ್ಟ್ರು ನನ್ನ ಮಗಳ ಕಿವಿಯನ್ನೂ ಊದಿದ್ದಾರೆ ಎಂದುಕೊಂಡರು ಅಂಗಡಿಯವರು.

ಶನಿವಾರ ಮಧ್ಯಾಹ್ನ ಮೇಷ್ಟ್ರ ಮನೆಗೇ ಹೋಗಿ ಮುಖದ ನೀರಿಳಿಸಿ ಬರೋಣವೆಂದು, ಸಾಕ್ಷಿಗೆ ಮಗಳನ್ನೂ ಕೂರಿಸಿಕೊಂಡು ಹೊರಟರು. ರೈಲ್ವೆ ಗೇಟ್ ಹಾಕಿತ್ತು. ಏರುದಾರಿ, ಹ್ಯಾಂಡ್‌ಬ್ರೇಕ್ ಎಳೆದರು. ಸುಮ್ಮನೆ ಕೂರಲಾರದೆ ಮೈಕಿನ ಗುಂಡಿ ಒತ್ತಿದರು. ದೀಪ ಹತ್ತಿತು! ಗೇಟ್ ತೆರೆಯಿತೆಂದು ಬ್ರೇಕ್ ಬಿಟ್ಟು ಒತ್ತಿದರೆ ದೀಪವಿಲ್ಲ. ಮತ್ತೆ ಎಳೆದು ಒತ್ತಿದರೆ ಇದೆ. ಹಿಂದಿನ ಗಾಡಿಗಳು ಹಾರ್ನ್ ಹೊಡೆದು ಅವರ ಜನ್ಮ ಜಾಲಾಡುತ್ತಿದ್ದವು. ಪಕ್ಕದಲ್ಲಿ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿದ್ದಳು.

ಗೇಟ್ ದಾಟಿ, ಬದಿಗೆ ನಿಲ್ಲಿಸಿ, ಬ್ರೇಕ್ ಎಳೆದು, ಕಾಲಡಿಯ ಮ್ಯಾಟ್ ಎತ್ತಿದರು. ಮೈಕು ಸಿಕ್ಕಿಸುವ ಸಾಕೆಟ್ಟಿನಿಂದ ಪೆಟ್ಟಿಗೆಗೆ ಹೋಗುವ ಗುಂಡಿಯ ತಂತಿಯನ್ನು ಕತ್ತರಿಸಿ, ಹ್ಯಾಂಡ್‌ಬ್ರೇಕಿನ ಬುಡದ ಸ್ವಿಚ್ಚಿಗೆ ಜೋಡಿಸಲಾಗಿತ್ತು. ಬ್ರೇಕ್ ಎಳೆದಿದ್ದರೆ ಮಾತು, ಇಲ್ಲವಾದರೆ ಇಲ್ಲ. ಬೆಸುಗೆಯ ಮೇಲೆ ಮೇಣದ ದಾರ ಎರಡು ಸುತ್ತು, ಒಂದು ಹಿಮ್ಮುಖ ಗಂಟು, ಗಂಟಿನ ಮೇಲೆ ಒಂದು ತೊಟ್ಟು ಉಗುರುಬಣ್ಣ. ಅದು ಅವರದೇ ಪದ್ಧತಿ. ಅದನ್ನು ಅವರು ಕಲಿಸಿದ್ದು ಒಬ್ಬಳಿಗೆ ಮಾತ್ರ.

ಅವರು ತಲೆಯೆತ್ತಿ ಮಗಳನ್ನು ನೋಡಿದರು.

"ನೀನಾ?"

"ಟೈರ್ ಸಿಡೀಲಿಲ್ಲಪ್ಪ," ಅಂದಳು ಮಗಳು. "ಒಂದು ಕೈಲಿ ಮೈಕು ಹಿಡ್ಕೊಂಡು ಮಾತಾಡ್ತಿದ್ರಿ. ಕಂಬ, ಕಂಬ ಅಂತ ನಾನು ಕೂಗ್ದೆ. ಸುಮ್ನಿರು ಅಂತ ಇನ್ನೊಂದು ಕೈ ಎತ್ತಿದ್ರಿ. ಸ್ಟೀರಿಂಗ್ ಮೇಲಿದ್ದ ಕೈ."

"ಬಾಯಿ ಬಿಟ್ಟು ಹೇಳಬಾರದಿತ್ತೇನಮ್ಮ?"

"ಗಾಡಿ ಓಡಿಸ್ತಾ ಮೈಕು ಬೇಡ ಅಂತ ಮೂರು ಸಲ ಹೇಳ್ದೆ. ಮೂರು ಸಲವೂ ನೀವು ರೇಡಿಯೋ ಕೇಳ್ತಿದ್ರಿ." ಅವಳು ಇಕ್ಕಳ ತೆಗೆದು ಅಪ್ಪನ ಮುಂದೆ ಹಿಡಿದಳು. "ಬಿಚ್ಚೋದು ಐದು ನಿಮಿಷದ ಕೆಲಸ. ನಾಳೆ ರೇಸ್ ನಿಮ್ಮದೇ."

ಅಂಗಡಿಯವರು ಇಕ್ಕಳ ತೆಗೆದುಕೊಂಡು ಬಗ್ಗಿದರು. ಗಂಟು ಬಿಗಿಯಾಗಿತ್ತು, ಒಂದು ಎಳೆಯೂ ಹೊರಗೆ ಚಾಚಿರಲಿಲ್ಲ. ಸರಿಯಾಗಿ ಮಡಚಲಾಗದ ಕೈಯಲ್ಲಿ, ಸೀಟಿನ ಕೆಳಗೆ ತೂರಿಕೊಂಡು, ಇದನ್ನು ಕಟ್ಟಲು ಅವಳಿಗೆಷ್ಟು ನೋವಾಗಿರಬೇಕು. ಅವರಿಗೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ಸತ್ತುಹೋಗುವಷ್ಟು ನಾಚಿಕೆಯಾಯಿತು.

ಅಷ್ಟರಲ್ಲಿ ರೇಡಿಯೋದಲ್ಲಿ ಮೇಷ್ಟ್ರ ದನಿ ಬಂತು. "ಯಾರದು ಗುಂಡಿ ಒತ್ತಿ ಒತ್ತಿ ಬಿಡ್ತಿರೋದು? ಹೆಸರು ಹೇಳಿಯಪ್ಪ."

ಅವರು ಇಕ್ಕಳ ಕೆಳಗಿಟ್ಟು ಮೈಕು ಎತ್ತಿಕೊಂಡರು.

"ನಾನು ಮೇಷ್ಟ್ರೇ. ನಾಳೆ ರೇಸಿನ ಹಿಂದಿನ ಗಾಡಿ ನೀವೇ ಓಡಿಸಿ. ಮೈಕು ಹಿಡಿಯೋಕೆ ಪಕ್ಕದಲ್ಲಿ ಬೇರೆಯವರನ್ನ ಕೂರಿಸ್ಕೊಳ್ಳಿ." ಗುಂಡಿಯ ಮೇಲಿನ ಹೆಬ್ಬೆರಳು ತೆಗೆಯಲಿಲ್ಲ. "ಇನ್ನೊಂದು ಮಾತು. ಎಲ್ಲರೂ ಕೇಳಿಸ್ಕೊಳ್ಳಿ. ಅವತ್ತು ಟೈರ್ ಸಿಡೀಲಿಲ್ಲ. ಮೈಕು ಹಿಡ್ಕೊಂಡು ನಾನೇ ಗುದ್ದಿದ್ದು. ನನ್ನ ಮಗಳ ಕೈ ಮುರಿದವನು ನಾನು."

ಅವರು ಗುಂಡಿ ಬಿಟ್ಟರು. ಮೇಷ್ಟ್ರು, "ಸಾರ್, ಮಗು ಈಗ ಹೇಗಿದ್ದಾಳೆ?" ಎಂದು ಮೆಲ್ಲಗೆ ಕೇಳಿದರು.

ಅಂಗಡಿಯವರು ಮೈಕನ್ನು ಮಗಳ ಕೈಗೆ ಕೊಟ್ಟರು. "ನೀನೇ ಹೇಳಮ್ಮ," ಅಂದರು. ಅವಳು ಹೇಳಿ ಮುಗಿಸುವವರೆಗೂ ಹ್ಯಾಂಡ್‌ಬ್ರೇಕ್ ಬಿಡಲಿಲ್ಲ.