ಪಿಂಕಮ್ ಬಾವಿ

"ನೆಲ ಕಡಿಮೆ ಬಂತು ಅಂತ ಬಾಯಿ ಬಡ್ಕೊಂಡು ಬರೋರನ್ನ ನಲವತ್ತು ವರ್ಷ ನೋಡಿದೀನಿ," ಎಂದ ಆರ್ಲೊ ಥಿಬೊಡೊ, ಕನ್ನಡಕವನ್ನು ಹಣೆಗೇರಿಸಿ. "ಜಾಸ್ತಿ ಬಂತು ಅಂತ ದೂರು ತಂದೋಳು ನೀನೊಬ್ಬಳೇ ಕಣಮ್ಮ."

ವರ್ನಾ ಲೆವಿಟ್ ನಗಲಿಲ್ಲ. ಕೋಟು ಕೂಡ ಬಿಚ್ಚದೆ ಅವನ ಅಡುಗೆಮನೆಯ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಬೆಳಗಿನ ಪಾಳಿ ಮುಗಿಸಿ, ಖಾಲಿ ಶಾಲಾ ಬಸ್ಸನ್ನು ಹೊರಗೆ ಏಪ್ರಿಲ್ ತಿಂಗಳ ಕೆಸರಲ್ಲೇ ನಿಲ್ಲಿಸಿ ಬಂದಿದ್ದಳು. ಮಧ್ಯಾಹ್ನ ಎರಡೂವರೆಗೆ ಮತ್ತೆ ಮಕ್ಕಳನ್ನು ಹತ್ತಿಸಿಕೊಳ್ಳಬೇಕು.

ಮೇಜಿನ ಮೇಲಿದ್ದದ್ದು ವರ್ನಾಳ ಪಕ್ಕದ ಜಮೀನಿನ ಏವಿಸ್ ಪಿಂಕಮ್ ಮಾಡಿಸಿದ ಸರ್ವೆಯ ನಕ್ಷೆ. ಏವಿಸ್ ಜಮೀನು ಮಾರಿ ಬ್ಯಾಂಗರಿನಲ್ಲಿದ್ದ ತಂಗಿಯ ಹತ್ತಿರ ಹೋಗುವವಳಿದ್ದಳು. ಅದಕ್ಕೆ ಮೊದಲು ಗಡಿ ಅಳೆಸಿದ್ದಳು. ಅಳೆದವಳು ಪೇಟೆಯಿಂದ ಬಂದ ಒಬ್ಬ ಚುರುಕು ಹುಡುಗಿ. ಎರಡು ಜಮೀನುಗಳ ನಡುವಿನ ಕಾಡಿನುದ್ದಕ್ಕೂ ಗೂಟ ನೆಟ್ಟು, ಕಿತ್ತಳೆ ರಿಬ್ಬನ್ ಕಟ್ಟಿ ಹೋಗಿದ್ದಳು. ಆ ಗೂಟಗಳ ಪ್ರಕಾರ ಗಡಿ ಎಲ್ಲರೂ ತಿಳಿದಿದ್ದಕ್ಕಿಂತ ನಲವತ್ತು ಅಡಿ ಪಿಂಕಮ್‌ರ ಕಡೆಗಿತ್ತು. ಆ ನಲವತ್ತು ಅಡಿಯ ಪಟ್ಟಿಯೊಳಗೆ ಒಂದು ಪಾಳು ಬಾವಿಯಿತ್ತು.

"ಬಾವಿ ನಮ್ಮದಲ್ಲ," ಎಂದಳು ವರ್ನಾ. "ಅದು ಪಿಂಕಮ್ ಬಾವಿ. ಊರಿಗೆಲ್ಲ ಗೊತ್ತು."

"ಊರಿಗೆ ಏನೇನೋ ಗೊತ್ತಿರುತ್ತೆ."

"ಮರಗಳ ಮೇಲೆ ಗಡಿ ತೋರಿಸೋ ಕೊಡಲಿ ಗುರುತಿದೆ ಆರ್ಲೊ. ಬಾವಿಗಿಂತ ಈಚೆಗೆ, ನಮ್ಮ ಕಡೆ, ಸಾಲಾಗಿ. ಆ ಹುಡುಗಿಗೂ ತೋರಿಸಿದೆ. 'ಇವು ಆಮೇಲೆ ಯಾರೋ ಕೊರೆದಿದ್ದು ಮೇಡಂ, ಮೊದಲಿನ ಗಡಿಯವಲ್ಲ' ಅಂದ್ಳು. ಅವಳಿಗೇನು ಗೊತ್ತು ನಮ್ಮ ಕಾಡು?"

"ಟೌನ್ ಆಫೀಸಲ್ಲಿ ಕೇಳ್ದ್ಯಾ?"

"ಕೇಳ್ದೆ. ಪುಕ್ಕಟೆ ನೆಲ ಬಂದಿದೆ, ಬಾಯ್ಮುಚ್ಕೊಂಡು ಮನೆಗೆ ಹೋಗಿ ಅಂತ ನಕ್ಕರು."

ಆರ್ಲೊ ನಕ್ಷೆಯನ್ನು ಮಡಚಿದ. ಎಂಬತ್ತೊಂದರ ಮುದುಕ, ಸುತ್ತಲಿನ ಮೂರು ಊರುಗಳ ಅರ್ಧಕ್ಕರ್ಧ ಗಡಿಗಳನ್ನು ತನ್ನ ಕೈಯಾರೆ ಅಳೆದವನು. ಈಗ ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ.

"ರೂಬೆನ್ ಅಲ್ವಾ ನಿನ್ನ ತಮ್ಮನ ಹೆಸರು?" ಎಂದು ಮೆಲ್ಲಗೆ ಕೇಳಿದ.

ಆ ಹೆಸರನ್ನು ಬೇರೆಯವರ ಬಾಯಲ್ಲಿ ಕೇಳಿ ಎಷ್ಟು ವರ್ಷವಾಗಿತ್ತೋ. ವರ್ನಾ ತಲೆಯಾಡಿಸಿದಳು.

ಅವಳಿಗೆ ಒಂಬತ್ತು, ಅವನಿಗೆ ಆರು. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಬ್ಲ್ಯಾಕ್‌ಬೆರಿ ಕೀಳಲು ಕಾಡಿಗೆ ಹೋದವನು ಬಾವಿಯ ಮೇಲಿನ ಕೊಳೆತ ಹಲಗೆ ಮುರಿದು ಒಳಗೆ ಬಿದ್ದ. ಸಂಜೆಯ ಹೊತ್ತಿಗೆ ಸಿಕ್ಕಿದ. ಬಾವಿ ಯಾರದು ಎಂದು ಶೆರಿಫ್ ಕೇಳಿದಾಗ ಅಪ್ಪ ಹೈರಮ್ ಲೆವಿಟ್, "ಪಿಂಕಮ್‌ದು," ಎಂದ. ಅಷ್ಟೇ. ಕೇಸು ಗೀಸು ಏನೂ ಆಗಲಿಲ್ಲ. ಆದರೆ ಏವಿಸಳ ಅಪ್ಪ ವೆಂಡಲ್ ಪಿಂಕಮ್ ಅಂಗಡಿಗೆ ಬಂದರೆ ಮಾತು ನಿಲ್ಲುತ್ತಿತ್ತು. ಚರ್ಚಿನಲ್ಲಿ ಅವನು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಒಂದು ವರ್ಷ ನೋಡಿದ, ಆಮೇಲೆ ಬರುವುದನ್ನೇ ಬಿಟ್ಟ. ವರ್ನಾಳ ಅಮ್ಮ ಸಾಯುವವರೆಗೂ ಪೂರ್ವದ ಕಿಟಕಿಯ ಪರದೆ ಸರಿಸಲಿಲ್ಲ. ಆ ಕಿಟಕಿಯಿಂದ ಪಿಂಕಮ್‌ರ ಮನೆಯ ಹೊಗೆ ಕಾಣುತ್ತಿತ್ತು.

ಆ ಪರದೆಯನ್ನು ವರ್ನಾ ಮೊನ್ನೆಯಷ್ಟೇ ಸರಿಸಿದ್ದಳು, ಗೂಟ ನೋಡಲೆಂದು. ಸರಿಸಬಾರದಿತ್ತು. ಬರಿಮರಗಳ ನಡುವೆ ಕಿತ್ತಳೆ ರಿಬ್ಬನ್ ಅಲುಗಿದಾಗಲೆಲ್ಲ ಯಾರೋ ಸೊಂಟದೆತ್ತರದವರು ಅಲ್ಲಿ ನಿಂತು ಕೈ ಬೀಸಿದಂತಾಗುತ್ತಿತ್ತು. ಬಸ್ಸಿನಲ್ಲೂ ಅದೇ ಪಾಡು. ಮಕ್ಕಳೆಲ್ಲ ಇಳಿದ ಮೇಲೆ ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ಎರಡೆರಡು ಸಲ ನೋಡುತ್ತಿದ್ದಳು. ಒಬ್ಬ ಇನ್ನೂ ಇಳಿದಿಲ್ಲ ಎನ್ನಿಸುತ್ತಿತ್ತು. ನಿನ್ನೆ ಎದ್ದು ಹೋಗಿ ಸೀಟಿನ ಕೆಳಗೂ ಬಗ್ಗಿ ನೋಡಿ ಬಂದಿದ್ದಳು.

ಇದನ್ನೆಲ್ಲ ಅವಳು ಆರ್ಲೊಗೆ ಹೇಳಲಿಲ್ಲ. "ನೀವು ಒಂದ್ಸಲ ಬಂದು ನೋಡಿ," ಎಂದಳಷ್ಟೆ.

"ನಾಡಿದ್ದು ಬರ್ತೀನಿ. ಆದ್ರೆ ಈಗ್ಲೇ ಹೇಳ್ಬಿಡ್ತೀನಿ. ನಿನ್ನ ಕಡೆಯೋನಾಗಿ ಬರ್ತಿಲ್ಲ. ಗಡಿ ಎಲ್ಲಿದೆಯೋ ಅಲ್ಲೇ ಇದೆ ಅಂತೀನಿ, ಆಮೇಲೆ ನನ್ನ ಬೈಬೇಡ."

"ಬೈಯಲ್ಲ."

"ಎಲ್ಲರೂ ಹಾಗೇ ಅಂತಾರೆ," ಎಂದು ಅವನು ಅವಳ ಮುಂದೆ ಡೋನಟ್ ತಟ್ಟೆ ನೂಕಿದ.

ಅವನು ಬರುತ್ತೇನೆಂದ ದಿನ ಬೆಳಿಗ್ಗೆ ಮಂಜು ಕವಿದಿತ್ತು. ನೆರಳಿದ್ದ ಕಡೆ ಹಿಮ ಇನ್ನೂ ಕೊಳಕು ಬಟ್ಟೆಯಂತೆ ಬಿದ್ದಿತ್ತು. ಆರ್ಲೊ ಎರಡು ಊರುಗೋಲು ಹಿಡಿದು ಬಂದ. ಕೊಡಲಿ, ಉಳಿ, ಗರಗಸದ ಚೀಲ ಹೊತ್ತವಳು ವರ್ನಾ. ಮೊದಲು ಅವನು ಹೊಸ ಗೂಟಗಳ ಉದ್ದಕ್ಕೆ ನಡೆದ. ರಸ್ತೆಯ ಪಕ್ಕದ ಕಬ್ಬಿಣದ ಮೊಳೆ ನೋಡಿದ, ಕಾಡಿನೊಳಗೆ ಎಲೆಗೊಬ್ಬರ ಕೆರೆದು ಹೂತುಹೋದ ಮೂಲೆಗಲ್ಲು ನೋಡಿದ, ಅಲ್ಲಿದ್ದ ಮುದಿ ಓಕ್ ಮರದ ತೊಗಟೆಯಲ್ಲಿ ಮಾದುಹೋದ ಹಳೆಯ ಕೊಡಲಿ ಗಾಯದ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಸವರಿದ. ವರ್ನಾ ಬಾವಿಯ ಕಡೆಗೆ ಬೆನ್ನು ಹಾಕಿ ನಿಂತಿದ್ದಳು. ಇಷ್ಟು ಹತ್ತಿರಕ್ಕೆ ಅವಳು ಹುಟ್ಟಿದಾಗಿನಿಂದ ಬಂದಿರಲಿಲ್ಲ.

"ಈಗ ನಿನ್ನ ಮರ ತೋರಿಸು," ಎಂದ.

ಅವಳು ತೋರಿಸಿದ್ದು ಒಂದು ಹೆಮ್ಲಾಕ್ ಮರ. ಎದೆಯೆತ್ತರದಲ್ಲಿ ಹಳೆಯ ಕೊಡಲಿ ಏಟಿನ ಗಾಯ ಮಾದು, ತುಟಿ ಬಿಗಿದಂತೆ ಮುಚ್ಚಿಕೊಂಡಿತ್ತು.

"ಮರಕ್ಕೆ ಏಟು ಬಿದ್ದ ಮೇಲೆ ಅದರ ಮೇಲೆ ವರ್ಷಕ್ಕೊಂದು ಪದರ ಬೆಳೀತಾ ಹೋಗುತ್ತೆ," ಎಂದ ಆರ್ಲೊ, ಗರಗಸ ಹಚ್ಚುತ್ತಾ. "ಎಷ್ಟು ಪದರವೋ ಅಷ್ಟು ವರ್ಷ. ನಿಮ್ಮ ಜಮೀನಿನ ಪತ್ರ ನೂರಿಪ್ಪತ್ತು ವರ್ಷದ್ದು. ಇದೂ ಅಷ್ಟೇ ಹಳೇದಾದ್ರೆ ನೀನು ಗೆದ್ದೆ."

ಗಾಯದ ಅಂಚಿನಿಂದ ಹೋಳಿನಂಥ ಒಂದು ತುಂಡು ತೆಗೆದ. ಉಳಿಯಿಂದ ನಯ ಮಾಡಿ, ಉಗುಳಿನಿಂದ ಒದ್ದೆ ಮಾಡಿ, ಗುಂಡುಸೂಜಿ ಹಿಡಿದು ಎಣಿಸತೊಡಗಿದ. ಅವನ ತುಟಿ ಅಲುಗುತ್ತಿತ್ತು. ಮುಗಿಸಿ, ಮತ್ತೆ ಮೊದಲಿಂದ ಎಣಿಸಿದ. ಇನ್ನೊಂದು ಮರಕ್ಕೆ ಹೋದ. ಅದನ್ನೂ ಎಣಿಸಿದ. ಮೂರನೆಯದಕ್ಕೆ ಹೋಗಲು ಅವನ ಮೊಣಕಾಲು ಒಪ್ಪಲಿಲ್ಲ. ವರ್ನಾಳೇ ತುಂಡು ಕೊಯ್ದು ತಂದುಕೊಟ್ಟಳು.

"ಐವತ್ತೆರಡು," ಎಂದ. "ಮೂರಕ್ಕೂ ಐವತ್ತೆರಡು. ಈ ವರ್ಷದ ಬೆಳವಣಿಗೆ ಇನ್ನೂ ಶುರುವಾಗಿಲ್ಲ. ಅಂದ್ರೆ ಐವತ್ತೆರಡು ಬೇಸಿಗೆ ಕಳೆದಿವೆ. ಅದಕ್ಕೆ ಹಿಂದಿನ ಶರತ್ಕಾಲದಲ್ಲಿ ಯಾರೋ ಒಂದೇ ಸಲಕ್ಕೆ ಈ ಸಾಲು ಪೂರ್ತಿ ಕೊರೆದಿದಾರೆ."

ವರ್ನಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಾಕುವ ಅಗತ್ಯವಿರಲಿಲ್ಲ. ರೂಬೆನ್ ಸತ್ತ ವರ್ಷ.

"ಆ ಓಕ್ ಮರದ ಗಾಯ ನೂರು ದಾಟಿದ್ದು," ಎಂದು ಆರ್ಲೊ ಮುಂದುವರಿಸಿದ. "ಹುಡುಗಿ ಅಳತೆ ಸರಿಯಾಗಿದೆ. ಗಡಿ ಜರುಗಿಸೋರನ್ನ ಬೇಕಾದಷ್ಟು ನೋಡಿದೀನಿ ಕಣಮ್ಮ. ಎಲ್ಲರೂ ತಮ್ಮ ಕಡೆಗೆ ನೆಲ ಎಳ್ಕೊಳ್ಳೋರೇ. ತನ್ನ ನೆಲವನ್ನ ಪಕ್ಕದೋನ ಕಡೆಗೆ ತಳ್ಳಿದೋನನ್ನ ಇದೇ ಮೊದಲು ನೋಡ್ತಿರೋದು."

ಆಗ ಅವಳಿಗೆ ಆ ಸದ್ದು ಕೇಳಿಸಿತು. ಕಿವಿಗಲ್ಲ, ಎದೆಯ ಎಲ್ಲೋ ಒಳಗೆ. ಟಕ್, ಟಕ್, ಸ್ವಲ್ಪ ಹೊತ್ತು ಸುಮ್ಮನೆ, ಮತ್ತೆ ಟಕ್. ಆ ಅಕ್ಟೋಬರಿನಲ್ಲಿ ಒಂದು ವಾರ ಅಪ್ಪ ದಿನಾ ಕೊಡಲಿ ಹಿಡಿದು ಕಾಡಿಗೆ ಹೋಗುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದಳು. ಸಂಜೆ ಬರುವಾಗ ಅಪ್ಪನ ಕೈಯಲ್ಲಿ ಕೊಡಲಿ ಇರುತ್ತಿತ್ತು, ಅಂಗಿಯ ತೋಳಿಗೆ ಮಣ್ಣು ಮೆತ್ತಿರುತ್ತಿತ್ತು. ಒಂದು ಕಡ್ಡಿ ಸೌದೆ ಮಾತ್ರ ಮನೆಗೆ ಬರಲಿಲ್ಲ.

"ಗುರುತು ಹೊಸದು ಅಂತ ಗೊತ್ತಾಗದ ಹಾಗೆ ಅಪ್ಪ ಮಣ್ಣು ಬಳಿದಿರಬೇಕು," ಎಂದಳು. ತನ್ನ ದನಿ ತನಗೇ ಬೇರೆಯವರದು ಅನ್ನಿಸಿತು.

ಆರ್ಲೊ ಬಿದ್ದ ಮರದ ಮೇಲೆ ಕೂತುಕೊಂಡ. "ಇನ್ನೊಂದು ಮಾತಿದೆ. ಹೇಳೋದು ನನ್ನ ಧರ್ಮ. ಐವತ್ತು ವರ್ಷ ಎರಡೂ ಮನೆಯೋರು ಒಪ್ಕೊಂಡ ಗಡಿ ಇದು. ವಕೀಲರನ್ನ ಹಿಡಿದ್ರೆ ಇದೇ ಗಡಿ ಅಂತ ವಾದ ಮಾಡ್ಬಹುದು, ಗೆಲ್ಲಲೂಬಹುದು. ಬಾವಿ ಪಿಂಕಮ್‌ರದ್ದೇ ಆಗಿ ಉಳಿಯುತ್ತೆ. ನಿಮ್ಮಪ್ಪನ ಹೆಸರು ಹೆಂಗಿದೆಯೋ ಹಂಗೇ ಇರುತ್ತೆ. ಈ ಮೂರು ತುಂಡು ನನ್ನ ಒಲೆಗೆ ಹಾಕಿದ್ರೆ ಒಂದು ಗಳಿಗೆ ಉರಿಗೂ ಸಾಕಾಗೋದಿಲ್ಲ."

ವರ್ನಾ ಮೂರೂ ತುಂಡುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಳು.

ಒಂಬತ್ತು ದಿನ ಅವು ಜೇಬಿನಲ್ಲೇ ಇದ್ದವು. ಬಸ್ ನಡೆಸುವಾಗ ತೊಡೆಗೆ ಒತ್ತುತ್ತಿದ್ದವು. ಅಪ್ಪನನ್ನು ದ್ವೇಷಿಸಲು ನೋಡಿದಳು, ಆಗಲಿಲ್ಲ. ಕೊನೆಗಾಲದಲ್ಲಿ ಅವನು ಊಟದ ಮೇಜಿನಲ್ಲಿ ಕೂತು ತನ್ನ ಎರಡು ಕೈಗಳನ್ನೇ ನೋಡುತ್ತಿದ್ದುದು ಕಣ್ಣ ಮುಂದೆ ಬರುತ್ತಿತ್ತು. ಏವಿಸಳ ಮುಖವೂ ಬರುತ್ತಿತ್ತು, ಒಂಬತ್ತು ವರ್ಷದ್ದು. ಆ ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ಮೊದಲ ದಿನ, ಬಸ್ಸಿನ ತುಂಬ ಮಕ್ಕಳಿರುವಾಗ ವರ್ನಾ ಎದ್ದು ನಿಂತು ಹೇಳಿದ್ದಳು: "ನಿಮ್ಮಪ್ಪ ನನ್ನ ತಮ್ಮನ್ನ ಕೊಂದ." ಆಮೇಲೆ ಎಂಟು ವರ್ಷ ಏವಿಸಳ ಪಕ್ಕದ ಸೀಟು ಖಾಲಿಯಿತ್ತು.

ಹತ್ತನೆಯ ದಿನ, ಶನಿವಾರ, ಅವಳು ಪಿಂಕಮ್‌ರ ಬಾಗಿಲು ತಟ್ಟಿದಳು.

ಏವಿಸ್ ಬಾಗಿಲು ತೆರೆದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಗಡಿ ವಿಷಯಾನಾ?" ಎಂದಳು. "ನಿಮಗೆ ಒಪ್ಪಿಗೆ ಇಲ್ಲವಂತೆ. ಆರ್ಲೊ ಅವರನ್ನ ಕರೆಸಿದ್ರಂತೆ. ನನಗೇನೂ ಜಗಳ ಬೇಡ. ಬಾವಿ ಪಿಂಕಮ್‌ರದ್ದೇ ಅಂತ ಬರೆಸ್ಕೊಳ್ಳಿ, ಸಹಿ ಹಾಕ್ತೀನಿ."

"ಒಳಗೆ ಬರ್ಲಾ?"

ಅಡುಗೆಮನೆಯ ತುಂಬ ಪೆಟ್ಟಿಗೆಗಳು. ಏವಿಸ್ ತಟ್ಟೆಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತಿದ್ದಳು; ಅದನ್ನು ಮುಂದುವರಿಸಿದಳು. ವರ್ನಾ ಮೂರು ತುಂಡುಗಳನ್ನು ಮೇಜಿನ ಮೇಲಿಟ್ಟು, ಆರ್ಲೊ ಎಣಿಸಿದ್ದನ್ನು ಎಣಿಸಿದ ಹಾಗೆಯೇ ಹೇಳಿದಳು. ಕೊಡಲಿಯ ಸದ್ದನ್ನೂ ಹೇಳಿದಳು. ಆಮೇಲೆ, ಮನೆಯಿಂದ ಹೊರಡುವಾಗ ಹೇಳಬೇಕೆಂದು ಅಂದುಕೊಂಡೇ ಇರದಿದ್ದ ಒಂದು ಮಾತು ಬಂತು.

"ಆ ಜುಲೈನಲ್ಲಿ ಅಪ್ಪ ಹೊಸ ಹಲಗೆ ಕೊಯ್ದಿಟ್ಟಿದ್ದ. ನಾಲ್ಕು. ಬಾವಿ ಮುಚ್ಚೋಕೆ. ಕೊಟ್ಟಿಗೆ ಗೋಡೆಗೆ ಒರಗಿಸಿಟ್ಟಿದ್ದ. ನಾಳೆ ಹಾಕ್ತೀನಿ, ನಾಳೆ ಹಾಕ್ತೀನಿ ಅಂತಿದ್ದ. ರೂಬೆನ್‌ನ ಮಣ್ಣು ಮಾಡಿ ಬಂದ ದಿನ ಅವನ್ನ ಒಡೆದು ಒಲೆಗೆ ಹಾಕಿದ. ಆಗಸ್ಟ್ ಸೆಖೇಲಿ. ಬೆವರ್ತಾ ಕೂತಿದ್ವಿ ನಾವೆಲ್ಲ, ಯಾರೂ ಏಕೆ ಅಂತ ಕೇಳ್ಲಿಲ್ಲ."

ಏವಿಸ್ ಒಂದೇ ತಟ್ಟೆಗೆ ಎರಡನೆಯ ಸಲ ಕಾಗದ ಸುತ್ತುತ್ತಿದ್ದಳು.

"ನಮ್ಮಪ್ಪ ಮೊದಲು ಅದು ನಮ್ಮದಲ್ಲ ಅಂತಲೇ ಅಂದ್ಕೊಂಡಿದ್ದ," ಎಂದಳು. "ಸಾಬೀತು ಮಾಡ್ತೀನಿ ಅಂತ ಕಾಡಿಗೆ ಹೋದ. ಮರದ ಗುರುತು ನೋಡ್ಕೊಂಡು ಬಂದ. ಅವತ್ತು ಊಟ ಮಾಡ್ಲಿಲ್ಲ. 'ನಮ್ದೇ ಕಣೇ' ಅಂದ ಅಮ್ಮಂಗೆ. ಆಮೇಲೆ ಆ ವಿಷಯ ಎತ್ತಲೇ ಇಲ್ಲ." ತಟ್ಟೆಯನ್ನು ಪೆಟ್ಟಿಗೆಗೆ ಇಳಿಸಿದಳು. "ಅವನು ಸತ್ತು ಹನ್ನೊಂದು ವರ್ಷ ಆಯ್ತು. ಈಗ ಬಂದು ಹೇಳ್ತಿದೀರಲ್ಲ, ಇದನ್ನ ನಾನು ಯಾರಿಗೆ ಹೇಳ್ಲಿ?"

"ಆರ್ಲೊ ಎಲ್ಲ ಬರೆದುಕೊಡ್ತಾರೆ," ಎಂದಳು ವರ್ನಾ. "ಯಾರು ಕೊರೆದಿದ್ದು, ಯಾವಾಗ, ಎಲ್ಲ. ಸೋಮವಾರ ನಾನೇ ಟೌನ್ ಆಫೀಸಿನಲ್ಲಿ ಕೊಡ್ತೀನಿ, ಹೊಸ ನಕ್ಷೆ ಜೊತೆ. ಕೇಳಿದೋರಿಗೂ ಹೇಳ್ತೀನಿ, ಕೇಳದೋರಿಗೂ ಹೇಳ್ತೀನಿ."

"ಬಸ್ಸಲ್ಲಿ ಹೇಳಿದ್ದು ನೆನಪಿದೆಯಾ ನಿಮಗೆ?"

"ಇದೆ."

"ನನಗೂ ಇದೆ."

ಏವಿಸ್ ಎದ್ದು ಬೂಟು ಹಾಕಿಕೊಂಡಳು, ಬಾಗಿಲ ಹಿಂದಿನಿಂದ ಒಂದು ಮೋಟು ಪೊರಕೆ ತೆಗೆದುಕೊಂಡಳು.

"ಹಿಮ ಕರಗಿದ ಮೇಲೆ ಅಪ್ಪ ವರ್ಷಕ್ಕೊಂದ್ಸಲ ಅಲ್ಲಿಗೆ ಹೋಗ್ತಿದ್ದ," ಎಂದಳು, ವರ್ನಾಳ ಮುಖ ನೋಡದೆ. "ಕಾಂಕ್ರೀಟ್ ಹಾಕಿ ಮುಚ್ಚಿದೋನೂ ಅವನೇ. ಎಲೆ ಕೊಳೆತು ಜಾರಬಾರದು, ಬಿರುಕು ಬಿಟ್ಟಿದ್ರೆ ಕಾಣಬೇಕು ಅಂತ ಗುಡಿಸಿ ಬರ್ತಿದ್ದ. ಅವನಾದ ಮೇಲೆ ನಾನು ಹೋಗ್ತಿದೀನಿ. ಈ ವರ್ಷದ್ದು ಇನ್ನೂ ಆಗಿಲ್ಲ. ಬನ್ನಿ."

ಇಬ್ಬರೂ ಕಾಡು ಹೊಕ್ಕರು. ಏವಿಸಳ ಕಾಲಿಗೆ ದಾರಿ ಗೊತ್ತಿತ್ತು. ಎಲ್ಲಿ ಬೇರು ಎದ್ದಿದೆ, ಎಲ್ಲಿ ನೀರು ನಿಂತಿದೆ ಎಂದು ನೋಡದೆಯೇ ದಾಟುತ್ತಿದ್ದಳು. ಗೂಟ ನೆಟ್ಟ ಜಾಗ ಬಂದಾಗ ನಿಂತಳು. ಮುಂದೆ ಹತ್ತು ಹೆಜ್ಜೆ ದೂರದಲ್ಲಿ ಒಂದು ಚಪ್ಪಡಿ, ಹೋದ ವರ್ಷದ ಎಲೆಗಳ ಕೆಳಗೆ ಅರ್ಧ ಮುಚ್ಚಿಹೋಗಿತ್ತು. ಅಷ್ಟು ಸಣ್ಣದೆಂದು ವರ್ನಾ ಎಂದೂ ಊಹಿಸಿರಲಿಲ್ಲ. ಅಡುಗೆಮನೆಯ ಮೇಜಿನಷ್ಟೂ ಇರಲಿಲ್ಲ.

ಏವಿಸ್ ಗೂಟದಾಚೆ ಕಾಲಿಡಲಿಲ್ಲ. ಪೊರಕೆಯನ್ನು ವರ್ನಾಳತ್ತ ಚಾಚಿದಳು.

ವರ್ನಾ ತೆಗೆದುಕೊಂಡು ಹೋದಳು. ಒದ್ದೆ ಎಲೆ ಪದರ ಪದರವಾಗಿ ಅಂಟಿಕೊಂಡಿತ್ತು; ಮೇಲಿನದು ಸರಿದರೆ ಕೆಳಗಿನದು ಕಪ್ಪಗೆ ಉಳಿಯುತ್ತಿತ್ತು. ಅಂಚಿನಿಂದ ಗುಡಿಸುತ್ತಾ ಬಂದಳು. ಬೂದು ಕಾಂಕ್ರೀಟು ಸ್ವಲ್ಪಸ್ವಲ್ಪವಾಗಿ ಕಂಡಿತು. ಬೆನ್ನ ಹಿಂದೆ ಏವಿಸ್ ನಿಂತಲ್ಲೇ ನಿಂತಿದ್ದಳು, ಹೋಗಿರಲಿಲ್ಲ.

"ಆ ಮೂಲೇಲಿ ನೀರು ನಿಲ್ಲುತ್ತೆ," ಎಂದಳು ಏವಿಸ್. "ಸ್ವಲ್ಪ ಒತ್ತಿ ಗುಡಿಸು."

ವರ್ನಾ ಆ ಮೂಲೆಗೆ ಸರಿದು, ಮೊಣಕಾಲೂರಿ, ಒತ್ತಿ ಗುಡಿಸಿದಳು.