ಸಿದ್ದನಮಟ್ಟಿಯ ಓಟು

ಸಿದ್ದನಮಟ್ಟಿಗೆ ಹೋಗುವ ಕೆಲಸವನ್ನು ಅಂಜಲಿ ತಾನಾಗಿಯೇ ಕೇಳಿ ಪಡೆದಿದ್ದಳು. ಸಂಡೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ಅತಿಥಿ ಉಪನ್ಯಾಸಕಿ ಆಕೆ. ವಿಧಾನಸಭೆಯ ಚುನಾವಣೆ ಬಂತು, ಮತದಾರರ ಜಾಗೃತಿ ತಂಡಕ್ಕೆ ಹೆಸರು ಕೊಡಿ ಎಂದರು. ಉಳಿದವರೆಲ್ಲ ಏಪ್ರಿಲ್ ಬಿಸಿಲಿಗೆ ಹೆದರಿ ಪೇಟೆಯ ಓಣಿಗಳನ್ನೇ ಹಿಡಿದುಕೊಂಡರೆ, ಈಕೆ ಯಶವಂತನಗರದಾಚೆ ಗುಡ್ಡದ ಬುಡಕ್ಕೆ ಅಂಟಿಕೊಂಡಿದ್ದ ಸಿದ್ದನಮಟ್ಟಿಯನ್ನು ಆರಿಸಿಕೊಂಡಳು. ಅಲ್ಲಿ ಅವಳ ತಾಯಿಯ ತಂಗಿ ದುರ್ಗಕ್ಕ ಇದ್ದಳು. ತನ್ನೂರು ಗಾದಿಗನೂರಿನಿಂದ ರಜೆಗೆ ಬಂದು ಚಿಗವ್ವನ ಅಂಗಳದಲ್ಲೇ ಆಡಿ ಬೆಳೆದವಳು ಅಂಜಲಿ. ನಮ್ಮ ಜನಕ್ಕೆ ನಾನು ಹೇಳದಿದ್ದರೆ ಇನ್ಯಾರು ಹೇಳಬೇಕು ಎಂಬ ಹುರುಪು ಅವಳಿಗೆ.

ಸಿದ್ದನಮಟ್ಟಿಯಲ್ಲಿ ಗೋಡೆ, ಗಿಡ, ಒಣಹಾಕಿದ ಸೀರೆ ಎಲ್ಲವೂ ಅದಿರಿನ ಬಣ್ಣದವು. ಊರಿನ ಬೋರಿನಲ್ಲಿ ಕೆಮ್ಮಣ್ಣಿನ ಗಂಜಿಯಂಥ ನೀರು ಬರತೊಡಗಿದ ಮೇಲೆ ಜನ ಬದುಕಿದ್ದು ಟ್ಯಾಂಕರಿನಿಂದ. ಟ್ಯಾಂಕರಿನ ಬೆನ್ನ ಮೇಲೆ ಕೈಮುಗಿದು ನಿಂತ ಕನಕರಾಜನ ದೊಡ್ಡ ಫೋಟೋ. ದುಡ್ಡು ಸರ್ಕಾರದ್ದು, ಕನಕರಾಜನದು ಬರೀ ಗುತ್ತಿಗೆ. ಆದರೆ ಊರಿನವರ ಬಾಯಲ್ಲಿ ಅದು 'ಕನಕರಾಜಣ್ಣನ ನೀರು'. ಅದಿರು ತುಂಬುವ ಯಾರ್ಡಿಗೆ ಆಳು ಕಳಿಸುವವನೂ ಅವನೇ, ಬೆಳಗ್ಗೆ ಆಳುಗಳನ್ನು ಕರೆದೊಯ್ಯುವ ಬಸ್ಸೂ ಅವನದೇ. ಓಟು ಬಂದಾಗ ಯಾವ ಗುರುತಿಗೆ ಒತ್ತಬೇಕೆಂದು ಹೇಳಿ ಕಳಿಸುವವನೂ ಅವನೇ.

ಶಾಲೆಯ ಜಗಲಿಯಲ್ಲಿ ಓಟಿನ ಮಾದರಿ ಯಂತ್ರವನ್ನಿಟ್ಟು ಅಂಜಲಿ ಜನರನ್ನು ಕರೆದಳು. ದುರ್ಗಕ್ಕನ ಮಗಳು ಪಂಪಾವತಿ ಮನೆಮನೆಗೆ ಓಡಾಡಿ ಹೆಂಗಸರನ್ನು ಎಬ್ಬಿಸಿಕೊಂಡು ಬಂದಳು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿ. ಅಕ್ಕ ಬಂದಳೆಂದರೆ ಅವಳಿಗೆ ಹಬ್ಬ.

ಮೊದಲು ಬಂದವನು ಮುದುಕ ಎರ್ರೆಪ್ಪ. ಈ ಸಲ ಯಾರು ನಿಂತಿದ್ದಾರೆ ಗೊತ್ತೇನಜ್ಜ ಎಂದು ಅಂಜಲಿ ಕೇಳಿದ್ದಕ್ಕೆ, ಸತ್ತು ಹತ್ತು ವರ್ಷವಾದ ಮುಖಂಡನೊಬ್ಬನ ಹೆಸರು ಹೇಳಿದ.

"ಆಯಪ್ಪ ತೀರಿಹೋಗ್ಯಾನಲ್ಲಜ್ಜ."

"ಹೋದ್ರ ಹೋಗ್ಲಿ ಬಿಡವ್ವ. ಗುರುತು ಐತಲ್ಲ, ಅದು ಸಾಯಂಗಿಲ್ಲ."

ಒಬ್ಬಳು ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಹೆಚ್ಚು ಓಟು ಬೀಳುತ್ತವೆಂದು ನಂಬಿದ್ದಳು. ಓಟು ಹಾಕದಿದ್ದರೆ ರೇಷನ್ ಕಾರ್ಡು ರದ್ದಾಗುತ್ತದೆಂದು ಇನ್ನೊಬ್ಬಳು. ಗಂಡನಿಗೆ ಮೈಯಲ್ಲಿ ಹುಷಾರಿಲ್ಲ, ಆತನದನ್ನೂ ನಾನೇ ಒತ್ತಿ ಬರಲೇ ಎಂದು ಮತ್ತೊಬ್ಬಳು. ಶಾಸಕನಿಗೂ ಪಂಚಾಯ್ತಿ ಮೆಂಬರನಿಗೂ ಇರುವ ವ್ಯತ್ಯಾಸ ಅಲ್ಲಿ ಕುಳಿತ ಒಬ್ಬರಿಗೂ ಗೊತ್ತಿರಲಿಲ್ಲ. ಅಂಜಲಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಇಷ್ಟು ವರ್ಷ ಓಟು ಹಾಕುತ್ತ ಬಂದವರು ಇವರೇ ಅಲ್ಲವೇ ಎನಿಸಿತು.

ಕೊನೆಗೆ ಬಂದವಳು ಮುದುಕಿ ವಿರುಪಮ್ಮ. ಆಕೆ ಯಂತ್ರವನ್ನು ಮುಟ್ಟಲಿಲ್ಲ, ಸೆರಗಿನಲ್ಲಿ ಕೈ ಸುತ್ತಿಕೊಂಡು ದೂರವೇ ನಿಂತಳು.

"ಯಾಕಬೇ, ಬಾ, ಒತ್ತಿ ನೋಡು."

"ಬ್ಯಾಡವ್ವ. ಇದು ಒತ್ತಿದ ಕೂಡ್ಲೇ ಅವರ ಫೋನಿಗೆ ಹೋಗ್ತೈತಂತಲ್ಲ. ಒಳಗ ಕ್ಯಾಮೆರಾ ಐತಂತ. ಕನಕರಾಜಣ್ಣನ ಹುಡುಗ್ರು ಹೇಳ್ಯಾರ."

"ಸುಳ್ಳು. ಅದ್ರಾಗ ಯಾವ ಕ್ಯಾಮೆರಾನೂ ಇಲ್ಲ, ಫೋನೂ ಇಲ್ಲ."

"ಹಂಗಂದ್ರ ಅವರಿಗೆ ಗೊತ್ತಾಗಂಗಿಲ್ಲ?"

"ಬ್ರಹ್ಮ ಬಂದ್ರೂ ಗೊತ್ತಾಗಂಗಿಲ್ಲ," ಎಂದಳು ಅಂಜಲಿ, ಇಡೀ ಜಗಲಿಗೆ ಕೇಳುವಂತೆ. "ನಿಮಗ ಯಾರು ಬೇಕೋ ಅವರಿಗೆ ಒತ್ರಿ. ಯಾರಿಗೆ ಹಾಕಿದ್ರಿ ಅಂತ ನಿಮಗ ಬಿಟ್ರ ಇನ್ಯಾರಿಗೂ ತಿಳಿಯಂಗಿಲ್ಲ. ಇನ್ನೊಂದು ಮಾತು. ಟ್ಯಾಂಕರಿನ ನೀರು ಕನಕರಾಜನ ಮನೀದಲ್ಲ, ಸರ್ಕಾರದ ದುಡ್ಡಿಂದು. ಅದಕ್ಕ ಯಾರೂ ಋಣ ತೀರಿಸೋದು ಬ್ಯಾಡ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿರುಪಮ್ಮನ ಮಗ ಹೊನ್ನೂರುಸ್ವಾಮಿ ಯಾರ್ಡಿನಲ್ಲಿ ಕೈಬೆರಳು ಜಜ್ಜಿಸಿಕೊಂಡಾಗ ಕನಕರಾಜ ತಿರುಗಿ ನೋಡಿರಲಿಲ್ಲ. ಆ ನೋವು ಮುದುಕಿಯಲ್ಲಿ ಹಾಗೇ ಇತ್ತು. ಆಕೆ ಮೆಲ್ಲಗೆ ಬಂದಳು. ಸೆರಗಿನಿಂದ ಕೈ ಹೊರತೆಗೆದು ಮಾದರಿ ಯಂತ್ರದ ಗುಂಡಿ ಒತ್ತಿದಳು. ಪೀಂ ಎಂದು ಸದ್ದು ಬಂದಾಗ ಬೆಚ್ಚಿದಳು, ಮತ್ತೆ ನಕ್ಕಳು. ಪಂಪಾವತಿ ಚಪ್ಪಾಳೆ ತಟ್ಟಿದಳು.

ಓಟಿನ ದಿನ ಅಂಜಲಿಗೆ ಚೋರನೂರಿನ ಕಡೆ ಕೆಲಸ ಬಿದ್ದಿತ್ತು. ಸಂಜೆ ಪಂಪಾವತಿ ಫೋನು ಮಾಡಿ, "ಅಕ್ಕಾ, ಎಲ್ಲಾರೂ ನೀ ಹೇಳಿದಂಗ ಒಬ್ಬೊಬ್ರೇ ಹೋಗಿ ಧೈರ್ಯವಾಗಿ ಒತ್ತಿ ಬಂದ್ರು. ನಮ್ಮವ್ವನೂ," ಎಂದಳು. ಆ ರಾತ್ರಿ ಅಂಜಲಿ ನೆಮ್ಮದಿಯಾಗಿ ಮಲಗಿದಳು.

ಎಣಿಕೆ ಮುಗಿದಾಗ ಗೆದ್ದವನು ಕನಕರಾಜನ ಕಡೆಯವನೇ. ಭಾರಿ ಅಂತರ. ಸಿದ್ದನಮಟ್ಟಿಯ ಓಟು ಹೆಚ್ಚಾದರೂ ಕಡಿಮೆಯಾದರೂ ಅವನಿಗೆ ಏನೂ ಆಗುತ್ತಿರಲಿಲ್ಲ. ಆದರೆ ಎರಡು ದಿನ ಬಿಟ್ಟು ಪಂಪಾವತಿಯ ಫೋನು ಬಂದಾಗ ದನಿ ಬೇರೆಯಾಗಿತ್ತು.

"ಅಕ್ಕಾ, ಕನಕರಾಜಣ್ಣನ ಹುಡುಗ್ರು ಬಂದಿದ್ರು. ನಿಮ್ಮ ಬೂತಿನ್ಯಾಗ ನಮಗ ಓಟು ಬಿದ್ದಿಲ್ಲ, ಅಣ್ಣನ ನೀರು ಕುಡಿದು ಅಣ್ಣಗ ಕೈ ಕೊಟ್ರಿ ಅಂದ್ರು. ಅವರಿಗೆ ಹೆಂಗ ಗೊತ್ತಾತು? ನೀ ಗೊತ್ತಾಗಂಗಿಲ್ಲ ಅಂದಿದ್ದಿ."

ಪ್ರತಿ ಬೂತಿನ ಯಂತ್ರವನ್ನೂ ಬೇರೆಬೇರೆಯಾಗಿ ಎಣಿಸುತ್ತಾರೆ, ಮೇಜಿನ ಎದುರು ಕುಳಿತ ಏಜೆಂಟರು ಒಂದೊಂದು ಬೂತಿನ ಅಂಕಿಯನ್ನೂ ಬರೆದುಕೊಳ್ಳುತ್ತಾರೆ. ಇದು ಅಂಜಲಿಗೆ ಗೊತ್ತಿಲ್ಲದ ಸಂಗತಿಯಲ್ಲ. ಎರಡನೇ ವರ್ಷದ ಹುಡುಗರಿಗೆ ಅವಳೇ ಪಾಠ ಮಾಡಿದ್ದಳು. ಪೇಟೆಯಲ್ಲಾದರೆ ಒಂದು ಬೂತೆಂದರೆ ಹತ್ತು ಓಣಿ, ಹತ್ತು ಜಾತಿ, ಯಾರು ಯಾರೋ. ಸಿದ್ದನಮಟ್ಟಿಯ ಶಾಲೆಯ ಬೂತಿಗೆ ಬರುವುದು ಸಿದ್ದನಮಟ್ಟಿ ಒಂದೇ. ಒಬ್ಬಳ ಓಟು ಗುಟ್ಟಾಗಿಯೇ ಉಳಿದಿತ್ತು, ಊರಿನ ಓಟು ಬೀದಿಗೆ ಬಿದ್ದಿತ್ತು. ಜಗಲಿಯಲ್ಲಿ ನಿಂತು ಅಷ್ಟು ದೊಡ್ಡ ದನಿಯಲ್ಲಿ ಮಾತು ಕೊಟ್ಟಾಗ ಇದು ಅವಳ ತಲೆಗೇ ಬಂದಿರಲಿಲ್ಲ.

"ಹೆದರಬ್ಯಾಡ್ರಿ, ಏನೂ ಮಾಡಂಗಿಲ್ಲ," ಎಂದಳು. ತನ್ನ ಮಾತು ತನಗೇ ಟೊಳ್ಳಾಗಿ ಕೇಳಿಸಿತು.

ಆ ವಾರ ಟ್ಯಾಂಕರು ಬರಲಿಲ್ಲ. ಯಾರ್ಡಿಗೆ ಕರೆದೊಯ್ಯುವ ಬಸ್ಸು ಊರ ಮುಂದೆ ನಿಲ್ಲದೆ ಧೂಳೆಬ್ಬಿಸಿಕೊಂಡು ಹೋಯಿತು. ಬುತ್ತಿ ಹಿಡಿದು ನಿಂತ ಗಂಡಸರು ತಿರುಗಿ ಮನೆಗೆ ಬಂದರು. ಆಮೇಲೆ ಶುರುವಾಯಿತು ಒಳಗಿನ ಕುದಿ. ಯಾರು ಹಾಕಲಿಲ್ಲ, ಯಾರು ಕೆಡಿಸಿದರು? ಒಬ್ಬರಾದ ಮೇಲೆ ಒಬ್ಬರು ಮಾರೆಮ್ಮನ ಕಟ್ಟೆ ಮುಟ್ಟಿ, ನಾನು ಕನಕರಾಜಣ್ಣ ಹೇಳಿದ ಗುರುತಿಗೇ ಒತ್ತಿದೆ ಎಂದು ಆಣೆ ಮಾಡಿದರು. ಎಲ್ಲರೂ ಆಣೆ ಮಾಡಿದರು. ಆಣೆ ಮಾಡಲು ಒಪ್ಪದೆ ಮನೆಯಲ್ಲೇ ಕುಳಿತವಳು ವಿರುಪಮ್ಮ ಒಬ್ಬಳೇ. ದೇವರ ಮುಂದೆ ಸುಳ್ಳು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಅಂದಿನಿಂದ ಯಾರೂ ಆ ಮನೆಯ ಹೊಸಿಲು ತುಳಿಯಲಿಲ್ಲ. ಹೊನ್ನೂರುಸ್ವಾಮಿಯ ಹೆಂಡತಿ ಕೂಸನ್ನು ಕಟ್ಟಿಕೊಂಡು ತವರಿಗೆ ಹೋದಳು.

ಅಂಜಲಿ ಸುಮ್ಮನೆ ಕೂರಲಿಲ್ಲ. ತಾಲ್ಲೂಕಿನ ಕಚೇರಿಗೆ ಹೋದಳು. ಟ್ಯಾಂಕರಿನ ಮೋಟಾರು ಸುಟ್ಟಿದೆಯಂತೆ, ರಿಪೇರಿಗೆ ಬಿಟ್ಟಿದ್ದಾರಂತೆ ಎಂದರು. ಬೇರೆ ಟ್ಯಾಂಕರು ಕಳಿಸಿ ಎಂದರೆ, ಗುತ್ತಿಗೆ ಅವರ ಹೆಸರಿನಲ್ಲಿದೆ, ನಾವು ಹೇಗೆ ಕಳಿಸುವುದು ಎಂದರು. ಮತ್ತೆ ಹೋದಾಗ ಸಾಹೇಬರು ಮೀಟಿಂಗಿಗೆ ಹೋಗಿದ್ದರು.

ಊರಿನ ಮೇಲ್ಗಡೆ, ಕೆಲಸ ನಿಂತು ವರ್ಷಗಳಾದ ಗಣಿಯ ಗುಂಡಿಯೊಂದಿತ್ತು. ಹಿಂದಿನ ವರ್ಷದ ಮಳೆ ನೀರು ತಳದಲ್ಲಿ ಹಸಿರಾಗಿ ನಿಂತಿತ್ತು. ಅದಕ್ಕೆ ಮೆಟ್ಟಿಲಿಲ್ಲ, ಕಟ್ಟೆಯಿಲ್ಲ. ಸಡಿಲ ಮಣ್ಣಿನ ಇಳಿಜಾರು ಇಳಿದು ಹೆಂಗಸರು ನೀರು ಮೊಗೆಯತೊಡಗಿದರು.

ಹೊನ್ನೂರುಸ್ವಾಮಿಯ ಫೋನು ಬಂದಾಗ ಅಂಜಲಿ ಕಾಲೇಜಿನಲ್ಲಿದ್ದಳು. "ಅಕ್ಕೋರ, ಜಲ್ದಿ ಬರ್ರಿ," ಎಂದ.

ಪಂಪಾವತಿ ಎರಡನೇ ಕೊಡಕ್ಕೆಂದು ಇಳಿದಿದ್ದಳಂತೆ. ಕಾಲ ಕೆಳಗಿನ ಮಣ್ಣು ಕುಸಿದು ನೀರಿಗೆ ಬಿದ್ದಳಂತೆ. ಮೇಲೆ ನಿಂತ ಹೆಂಗಸರು ಸೀರೆ ಬಿಚ್ಚಿ ಎಸೆದರೂ ಎಟುಕಲಿಲ್ಲ. ಹೊನ್ನೂರುಸ್ವಾಮಿ ಓಡಿಬಂದು ಧುಮುಕಿ ಎಳೆದು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂಜಲಿ ಹೋದಾಗ ಅವಳನ್ನು ಚಿಗವ್ವನ ಮನೆಯ ಜಗಲಿಯ ಮೇಲೆ ಮಲಗಿಸಿದ್ದರು. ಕೂದಲಲ್ಲಿ ಕೆಮ್ಮಣ್ಣು ಮೆತ್ತಿತ್ತು. ತೊಳೆಯಲು ಮನೆಯಲ್ಲಿ ನೀರಿರಲಿಲ್ಲ. ನೆರೆಯವಳೊಬ್ಬಳು ಕುಡಿಯಲಿಕ್ಕೆಂದು ಮುಚ್ಚಿಟ್ಟಿದ್ದ ಅರ್ಧ ಕೊಡ ತಂದು ಮೈ ತೊಳೆಸಿದಳು.

ಮಣ್ಣು ಮಾಡಿ ಬಂದ ಮೇಲೆ ಅಂಜಲಿ ಜನರನ್ನೆಲ್ಲ ಕೂಡಿಸಿಕೊಂಡು, "ಪೊಲೀಸ್ ಕಂಪ್ಲೇಂಟ್ ಕೊಡೋಣ. ನೀರು ನಿಲ್ಲಿಸಿದ್ದಕ್ಕೇ ಹಿಂಗಾತು ಅಂತ ಎಲ್ಲಾರೂ ಹೇಳ್ರಿ ಸಾಕು," ಎಂದಳು.

ಎರ್ರೆಪ್ಪ ಬೀಡಿ ಹೊಸಕಿ ಹಾಕಿ, "ಹುಡುಗಿ ಕಾಲು ಜಾರಿ ಬಿದ್ಲವ್ವ. ಅದ್ರಾಗ ಆಯಪ್ಪಂದೇನೈತಿ?" ಎಂದ.

"ಮೊದಲೇ ಆಯಪ್ಪಗ ಕೈ ಕೊಟ್ಟೀವಿ," ಎಂದಳು ಇನ್ನೊಬ್ಬಳು. "ಇನ್ನ ಕೇಸು ಬ್ಯಾರೆ ಹಾಕಿದ್ರ ಉಳೀತೀವೇನು?"

ಅಂಜಲಿಗೆ ಕೂಗಬೇಕೆನಿಸಿತು. ಆದರೆ ಅಷ್ಟು ದಿನ ಮನೆ ಬಿಟ್ಟು ಬಾರದಿದ್ದ ವಿರುಪಮ್ಮ ಅಂದು ಗೋಡೆಗೊರಗಿ ಕುಳಿತಿದ್ದಳು. ಆಕೆ ಅಂಜಲಿಯನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ. ಗೊತ್ತಿದ್ದೂ ಹೇಳಲಿಲ್ಲವೋ, ಗೊತ್ತೇ ಇರಲಿಲ್ಲವೋ ಎಂದು ಕೇಳುವಂತಿತ್ತು. ಕಂಪ್ಲೇಂಟಿನ ಮಾತನ್ನು ಅಂಜಲಿ ಅಲ್ಲಿಗೇ ಬಿಟ್ಟಳು.

ಮೂರನೇ ದಿನದ ಕಾರ್ಯ ಮುಗಿಸಿ ದುರ್ಗಕ್ಕ ಅವಳನ್ನು ಒಳಗೆ ಕರೆದಳು. ಅತ್ತು ಅತ್ತು ದನಿ ಇಂಗಿಹೋಗಿತ್ತು.

"ಕನಕರಾಜಣ್ಣನ ಮನೀಗೆ ಹೋಗಾಣ ಅಂತ ಊರಾಗ ಮಾತಾಡ್ಯಾರ. ನೀನೂ ಬಾ. ನಮಗ ಅಂಥೋರ ಮುಂದ ಮಾತಾಡಾಕ ಬರಂಗಿಲ್ಲ."

"ನಾ ಅವನ ಮನೀಗೆ? ಏನಂತ ಹೇಳ್ಲಿ ಚಿಗವ್ವ?"

"ತಪ್ಪಾತು ಅಂತ ಹೇಳು."

"ಪಂಪಾವತಿ ಸತ್ತಿದ್ದು ಅವನಿಂದ, ಚಿಗವ್ವ!"

"ಗೊತ್ತೈತಿ," ಎಂದಳು ದುರ್ಗಕ್ಕ. "ಅಕಿ ಹೋದ್ಲು. ಇದ್ದೋರು ನೀರು ಕುಡೀಬೇಕಲ್ಲ. ನಾಳೆ ಮತ್ತೊಬ್ಬರ ಮಗಳು ಆ ಗುಂಡಿಗೆ ಇಳೀತಾಳ."

ಅಂಜಲಿ ಊರಿನವರ ಜೊತೆ ಬಸ್ಸು ಹತ್ತಿದಳು.

ಕನಕರಾಜನ ಮನೆ ಸಂಡೂರಿನ ಹೊರಗೆ ಹೊಸದಾಗಿ ಕಟ್ಟಿಸಿದ್ದು. ಅಂಗಳಕ್ಕೆಲ್ಲ ಹಾಸುಗಲ್ಲು, ಮೂಲೆಯಲ್ಲಿ ನಲ್ಲಿ. ಹೆಂಗಸರು ನೆರಳಿದ್ದ ಕಡೆ ನೆಲಕ್ಕೆ ಕುಳಿತರು. ಕನಕರಾಜ ಬಿಳಿ ಅಂಗಿ ತೊಟ್ಟು ಹೊರಬಂದ. ದುರ್ಗಕ್ಕನನ್ನು ಕಂಡು ಕೈಮುಗಿದ.

"ಭಾಳ ಕೆಟ್ಟದ್ದಾತವ್ವ. ನನಗೂ ಹೆಣ್ಣುಮಕ್ಕಳದಾರ. ಕೇಳಿ ಊಟ ಸೇರಲಿಲ್ಲ." ಆಮೇಲೆ ಅಂಜಲಿಯ ಕಡೆ ತಿರುಗಿದ. "ನೀವು ಕಾಲೇಜಿನ ಮೇಡಂ ಅಲ್ಲೇನು? ಕುಂದ್ರಿ, ಕುರ್ಚಿ ತರ್ಸತೀನಿ."

"ಬ್ಯಾಡ್ರಿ," ಎಂದಳು ಅಂಜಲಿ. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಬಸ್ಸಿನಲ್ಲಿ ಬರುವಾಗ ಕಟ್ಟಿಕೊಂಡ ಮಾತುಗಳು ಒಂದೂ ನೆನಪಾಗಲಿಲ್ಲ.

"ಊರಿನವರದು ಏನೂ ತಪ್ಪಿಲ್ರಿ. ನಾ ಹೇಳಿಕೊಟ್ಟೆ. ತಪ್ಪು ನಂದು. ನೀರು ಬಿಡ್ರಿ."

"ಅಯ್ಯೋ, ನೀರು ನಾ ಎಲ್ಲಿ ನಿಲ್ಲಿಸೀನಿ ಮೇಡಂ? ಮೋಟಾರು ಸುಟ್ಟಿತ್ತು. ನಿನ್ನೆ ರಿಪೇರಿ ಆಗೇತಿ. ನಾಳೆ ಬೆಳಿಗ್ಗೆ ಬರತೈತಿ." ಅವನ ದನಿಯಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ನೋಡ್ರಿ, ಇವರು ಭೋಳೆ ಜನ. ಯಾರು ಏನ್ ಹೇಳಿದ್ರೂ ನಂಬ್ತಾರ. ನಿಮ್ಮಂಥ ಓದಿದೋರು ಸರಿಯಾಗಿ ತಿಳಿಸಿ ಹೇಳಬೇಕು. ಮುಂದ ಪಂಚಾಯ್ತಿ ಎಲೆಕ್ಷನ್ ಬರತೈತಿ, ಬರ್ರಿ, ನಮ್ಮ ಹುಡುಗ್ರ ಜೋಡಿ ನೀವೂ ಓಡಾಡ್ರಿ."

ಅವನು ಎಲ್ಲರಿಗೂ ಚಹಾ ಕೊಡಿಸಿದ. ದುರ್ಗಕ್ಕ ಲೋಟ ಹಿಡಿದು ಕುಳಿತಳೇ ಹೊರತು ಕುಡಿಯಲಿಲ್ಲ. ಹೊರಡುವಾಗ ಎರ್ರೆಪ್ಪ ಬಗ್ಗಿ ಅವನ ಕಾಲು ಮುಟ್ಟಿದ. ಬ್ಯಾಡ ಯಜಮಾನ್ರ ಎನ್ನುತ್ತ ಕನಕರಾಜ ಅವನನ್ನು ಎತ್ತಿ ನಿಲ್ಲಿಸಿದ.

ಬೆಳಿಗ್ಗೆ ಟ್ಯಾಂಕರು ಬಂತು. ದೂರದಲ್ಲಿ ಹಾರ್ನು ಕೇಳಿದ ಕೂಡಲೇ ಸಿದ್ದನಮಟ್ಟಿಯ ಮನೆಗಳೆಲ್ಲ ಖಾಲಿಯಾಗಿ ಕೊಡಗಳು ರಸ್ತೆಗೆ ಬಂದವು. ಯಾರೋ ಟ್ಯಾಂಕರಿನ ಮುಂದೆ ಕಾಯಿ ಒಡೆದರು. "ಎಷ್ಟಾದ್ರೂ ದೊಡ್ಡ ಮನುಷ್ಯ, ಮನಸ್ಸಿನ್ಯಾಗ ಇಟ್ಕಳ್ಲಿಲ್ಲ ನೋಡು," ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಇನ್ನೊಬ್ಬಳು ಹೌದೆಂದು ತಲೆಯಾಡಿಸಿದಳು.

ಚಿಗವ್ವನ ಮನೆಯಲ್ಲೇ ಉಳಿದಿದ್ದ ಅಂಜಲಿಗೆ ಅದು ಕೇಳಿಸಿತು. ಇದು ಸರ್ಕಾರದ ನೀರು, ನಿಮ್ಮದೇ ನೀರು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಸಾಲಿನ ಕೊನೆಯಲ್ಲಿ, ಎಲ್ಲರಿಂದ ಒಂದು ಮಾರು ದೂರದಲ್ಲಿ, ವಿರುಪಮ್ಮ ಒಬ್ಬಳೇ ಖಾಲಿ ಕೊಡ ಹಿಡಿದು ನಿಂತಿದ್ದಳು. ಅವಳ ಸರದಿ ಬರುವವರೆಗೆ ನೀರು ಉಳಿಯುತ್ತದೋ ಇಲ್ಲವೋ.

ಅಂಜಲಿ ಚಿಗವ್ವನ ಕೈಯಿಂದ ಕೊಡ ಇಸಿದುಕೊಂಡು ಹೋಗಿ ವಿರುಪಮ್ಮನ ಹಿಂದೆ ನಿಂತಳು. ಮುದುಕಿ ತಿರುಗಿ ನೋಡಲಿಲ್ಲ.