ಮಣ್ಣು ಹತ್ತದ ಒಂಬತ್ತನೇ ನಂಬರಿನ ಅಂಗಿ

"ಸೋಪಿನ ಪುಡಿ ಕಮ್ಮಿ ಹಾಕಿ ರತ್ನಮ್ಮ. ಕ್ಲಬ್ಬು ಎರಡು ಕೋಟಿ ಪೌಂಡ್ ಸಾಲದಲ್ಲಿದೆ, ನೀವು ನೋಡಿದ್ರೆ ನೊರೆ ಮೇಲೆ ನೊರೆ ಎಬ್ಬಿಸ್ತಿದ್ದೀರ."

ರತ್ನವ್ವ ತಲೆ ಎತ್ತಲಿಲ್ಲ. ಗೋಲ್‌ಕೀಪರನ ಚಡ್ಡಿಯನ್ನು ತೊಟ್ಟಿಯ ಅಂಚಿಗೆ ಒತ್ತಿ ಹಿಡಿದು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಲಂಡನ್ನಿನ ಅಂಚಿನ ಈ ಇಲ್ಫರ್ಡಿನ ಮಣ್ಣು ಜೇಡಿಮಣ್ಣು. ಮೊದಲು ಕೈಯಲ್ಲಿ ಬಿಡಿಸದೆ ಹಾಗೇ ಮಷಿನ್ನಿಗೆ ತುರುಕಿದರೆ ಅದು ಅರ್ಧ ದಾರಿಗೆ ಉಸಿರು ಕಟ್ಟಿ ನಿಂತುಬಿಡುತ್ತದೆ.

"ಗೋಲ್‌ಕೀಪರ್ ಬಿದ್ದಾನ್ರೀ ಸಾಹೇಬ್ರ. ಮಣ್ಣ ಹತ್ತೈತಿ. ಉಳಿದವ್ರು ನಿಂತಲ್ಲೇ ನಿಂತಿದ್ರು, ಅವರ ಚಡ್ಡಿಗೆ ಒಂದ ಮುಷ್ಟಿ ಪುಡಿ ಸಾಕು."

"ಆಟದ ವಿಚಾರ ನಿಮಗ್ಯಾಕೆ? ಕುಲಕಸುಬು ಕೈಗೆ ಚೆನ್ನಾಗಿ ಬಂದಿದೆ, ಅಷ್ಟು ಮಾಡಿ."

ಹೀಗೆಂದ ರಾಮಪ್ರಸಾದ್ ಮೈಸೂರಿನವನು, ರತ್ನವ್ವ ಅವನ ಬಾಯಲ್ಲಿ ರತ್ನಮ್ಮ; ಸೆವೆನ್ ಎಲ್ಮ್ಸ್ ಫುಟ್‌ಬಾಲ್ ಕ್ಲಬ್ಬಿನ ಹಣಕಾಸಿನ ಡೈರೆಕ್ಟರು. ಪ್ರೇಕ್ಷಕರ ಮೆಟ್ಟಿಲುಗಳ ಕೆಳಗಿನ ಈ ಒಗೆಯುವ ಕೋಣೆಗೆ ಬಂದಾಗಲೆಲ್ಲ ಪ್ಯಾಂಟಿನ ತುದಿಯನ್ನು ಎರಡು ಬೆರಳಲ್ಲಿ ಎತ್ತಿಕೊಂಡೇ ನಿಲ್ಲುತ್ತಿದ್ದ. ಕ್ಲಬ್ಬನ್ನು ಉಳಿಸುವ ವಿದ್ಯೆ ಅವನಿಗೆ ಒಂದೇ ಗೊತ್ತಿತ್ತು: ಇದ್ದದ್ದನ್ನು ಮಾರುವುದು, ಮಾರಿದ್ದನ್ನೇ ಬಾಡಿಗೆಗೆ ತರುವುದು. ಜೂನಿನಲ್ಲಿ ಮೈದಾನವನ್ನು ಚೇರ್ಮನ್ನನ ಇನ್ನೊಂದು ಕಂಪನಿಗೆ ಮಾರಿದ. ಜುಲೈನಲ್ಲಿ ದೀಪದ ಕಂಬಗಳು ಹೋದವು. ಸೆಪ್ಟೆಂಬರಿನಲ್ಲಿ ಒಗೆಯುವ ಮಷಿನ್ನಿನ ಹೊಟ್ಟೆಗೂ ಒಂದು ಚೀಟಿ ಅಂಟಿತು. ಅದೀಗ ಚೇರ್ಮನ್ನನ ಬಾಮೈದನದು. ಒಮ್ಮೆ ತಿರುಗಿದರೆ ಎರಡು ಪೌಂಡ್ ಬಾಡಿಗೆ.

ರತ್ನವ್ವನನ್ನೂ ಹಾಗೇ ಮಾಡಿದ್ದರು. ಡಾಕ್ಟರೊಬ್ಬರ ಕೂಸನ್ನು ನೋಡಿಕೊಳ್ಳಲೆಂದು ತಾಳಿಕೋಟೆಯ ಕಡೆಯಿಂದ ಬಂದವಳು, ಕೂಸು ಶಾಲೆಗೆ ಹೋಗತೊಡಗಿದ ಮೇಲೆ ಇಲ್ಲಿ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಮೂರು ವರ್ಷದ ಕೆಳಗೆ ರಾಮಪ್ರಸಾದ್ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, "ಇವತ್ತಿಂದ ನೀವು ಆಳಲ್ಲ ರತ್ನಮ್ಮ, ಕಂಪನಿ," ಎಂದಿದ್ದ. ಅಂದಿನಿಂದ ಕಂಪನಿಗೆ ರಜೆ ಇಲ್ಲ, ಜ್ವರವಿಲ್ಲ. ಸಂಬಳದ ಬದಲು ಅವಳೇ ಬರೆದುಕೊಡುವ ಬಿಲ್ಲು. ಬಿಲ್ಲಿಗೆ ಬರುವ ಉತ್ತರ, ಮುಂದಿನ ತಿಂಗಳು.

ಇವತ್ತು ಅವನು ಮತ್ತೊಂದು ಕಾಗದ ತಂದಿದ್ದ.

"ನಿಮಗೆ ಬರಬೇಕಾದದ್ದು ಒಂಬತ್ತು ಸಾವಿರದ ಮುನ್ನೂರ ನಲವತ್ತು ಪೌಂಡ್. ಹೊಸ ಮಾಲೀಕರು ಶನಿವಾರ ಆಟ ನೋಡಕ್ಕೆ ಬರ್ತಿದ್ದಾರೆ. ಹಳೇ ಸಾಲ ತೀರಿದ್ರೆ ಕ್ಲಬ್ಬು ತಗೋತೀನಿ ಅಂತಾರೆ. ಅದಕ್ಕೆ ಎಲ್ಲರಿಗೂ ಪೌಂಡಿಗೆ ಒಂದು ಪೆನ್ನಿ. ಇಲ್ಲಿ ಸಹಿ ಹಾಕಿದ್ರೆ ತೊಂಬತ್ತಮೂರು ಪೌಂಡ್ ನಲವತ್ತು ಪೆನ್ನಿ ಈಗಲೇ ಕೊಡ್ತೀನಿ."

"ಎಲ್ಲಾರಿಗೂ ಪೆನ್ನಿನೇನ್ರೀ?"

"ಎಲ್ಲರಿಗೂ ಅಂದ್ರೆ... ಫುಟ್‌ಬಾಲ್‌ನವರಿಗೆ ಪೂರ್ತಿ. ಆಟಗಾರರಿಗೆ, ಆಟಗಾರರನ್ನ ನಮಗೆ ಮಾರಿದ ಕ್ಲಬ್‌ಗಳಿಗೆ. ಅದು ಲೀಗಿನ ನಿಯಮ. ಮಿಕ್ಕವರಿಗೆ ಪೆನ್ನಿ. ನೀವು, ಆಂಬುಲೆನ್ಸ್‌ನವರು, ಹುಲ್ಲು ಕತ್ತರಿಸೋ ಅಮೃತಪ್ಪ."

"ಒಂಬತ್ತನೇ ನಂಬರಿನಾಂವಗ?"

"ಪೂರ್ತಿ. ವಾರಕ್ಕೆ ಹನ್ನೊಂದು ಸಾವಿರ."

ರತ್ನವ್ವ ಚಡ್ಡಿಯನ್ನು ಹಿಂಡಿ ಬುಟ್ಟಿಗೆ ಹಾಕಿದಳು. ಒಂಬತ್ತನೇ ನಂಬರಿನವನನ್ನು ಅರವತ್ತು ಲಕ್ಷ ಪೌಂಡ್ ಸಾಲ ಮಾಡಿ ಬೇರೆ ಕ್ಲಬ್ಬಿನಿಂದ ತಂದಿದ್ದರು. ಬಂದ ದಿನವೇ ಕಾರಿನಿಂದ ಇಳಿಯುವಾಗ ಮೊಣಕಾಲು ಹೊರಳಿತು. ಹದಿನಾಲ್ಕು ತಿಂಗಳಿಂದ ಅವನ ಅಂಗಿಗೆ ಒಂದು ಚುಕ್ಕೆ ಮಣ್ಣು ಹತ್ತಿಲ್ಲ. ಆದರೂ ಪ್ರತಿ ವಾರ ಅದನ್ನು ಒಗೆದು ಇಸ್ತ್ರಿ ಮಾಡಿ ತೂಗುಹಾಕಬೇಕೆಂದು ಅವನ ಕರಾರಿನಲ್ಲಿಯೇ ಇತ್ತು.

"ಅಂದ್ರ ಆಡದೇ ಇದ್ದಾಂವ ಫುಟ್‌ಬಾಲು. ಅಂವನ ಅಂಗಿ ಒಗದಾಕಿ ಅಲ್ಲ."

"ವಾದ ಬೇಡ. ಶನಿವಾರದೊಳಗೆ ಸಹಿ ಬೇಕು. ಇಲ್ಲ ಅಂದ್ರೆ ಆ ಪೆನ್ನಿಯೂ ಇಲ್ಲ."

ಅವನು ಹೋದ ಮೇಲೆ ಅಮೃತಪ್ಪ ಬಾಗಿಲ ಮರೆಯಿಂದ ಬಂದು ಬಕೆಟ್ ಬೋರಲು ಹಾಕಿ, ಚಹಾದ ಲೋಟ ಹಿಡಿದು ಕೂತ. ಕಲಬುರಗಿಯವನು, ಬಾಯಿ ಅವನ ಕತ್ತರಿಗಿಂತ ಹರಿತ.

"ನನಗೂ ಅದೇ ಕಾಗಜ ಕೊಟ್ಟಾನ, ಅವನೌನ್. ನನ್ನ ಹುಲ್ಲಿನ ಮ್ಯಾಲ ಆಡ್ತಾರ, ನಾ ಫುಟ್‌ಬಾಲ್ ಅಲ್ಲಂತ. ಹಂಗಾದ್ರ ಹುಲ್ಲು ಏನು, ಕ್ರಿಕೆಟ್ಟೇನು? ನಿನ್ನ ಚಿಟ್ಟಿ ಇನ್ನೂ ಡಬ್ಬಿದಾಗೇ ಅದನೋ, ಜಿರಳಿ ತಿಂದ್ವೋ ಅಕ್ಕಾ?"

ಚಿಟ್ಟಿ ಬಿಸ್ಕತ್ತಿನ ಡಬ್ಬಿಯಲ್ಲೇ ಇತ್ತು, ಬಟ್ಟೆ ಸಿಗಿಸುವ ಕ್ಲಿಪ್ಪುಗಳ ಕೆಳಗೆ, ಎಂಟು ತಿಂಗಳಿಂದ. ಲೈಬ್ರರಿಯಲ್ಲಿ ಪುಕ್ಕಟೆ ಸಲಹೆ ಕೊಡುವ ಹುಡುಗಿ, ಕ್ಲಬ್ಬಿಗೆ ಕಳಿಸುವ ಬಾಕಿ ವಸೂಲಿ ನೋಟೀಸಿನ ನಮೂನೆ ಕೊಟ್ಟಿದ್ದಳು. ಸಂಜೆಯ ಇಂಗ್ಲಿಷ್ ತರಗತಿಯಲ್ಲಿ ಕಲಿತ ದುಂಡಕ್ಷರದಲ್ಲಿ ರತ್ನವ್ವ ತಾನೇ ತುಂಬಿದ್ದಳು. ಇಪ್ಪತ್ತೊಂದು ದಿನದಲ್ಲಿ ಬಾಕಿ ಕೊಡದಿದ್ದರೆ ಕ್ಲಬ್ಬನ್ನು ಮುಚ್ಚಿಸಿರೆಂದು ಕೋರ್ಟಿಗೆ ಹೋಗುತ್ತೇನೆ, ಎಂದಿತ್ತು ಅದರಲ್ಲಿ. ಕಳಿಸಲು ಹೊರಟಾಗಲೆಲ್ಲ ರಾಮಪ್ರಸಾದ್ ಕೈ ಮುಗಿದಿದ್ದ. ಕಪ್ ಪಂದ್ಯಗಳು ಮುಗಿಯಲಿ ಎಂದ. ಆಟಗಾರರನ್ನು ಮಾರುವ ತಿಂಗಳು ಬರಲಿ ಎಂದ. ನಿಮ್ಮ ಒಂದು ಕಾಗದದಿಂದ ಅರವತ್ತು ಜನರ ಅನ್ನ ಹೋಗುತ್ತೆ, ಆ ಪಾಪ ನಿಮಗೆ ಎಂದ. ಅಷ್ಟರಲ್ಲಿ ಅಂಚೆಯ ದರವೇ ಏರಿತ್ತು. ಅವಳ ಕೋಣೆಯ ಬಾಡಿಗೆ ಮೂರು ತಿಂಗಳು ನಿಂತಿತ್ತು. ಈ ತಿಂಗಳ ಕೊನೆಗೆ ಕಟ್ಟದಿದ್ದರೆ ಗಂಟುಮೂಟೆ ಬೀದಿಗೆ.

"ಅಮೃತಪ್ಪ, ನಮ್ಮವ್ವ ಊರ ಅರಿವಿ ಒಗೀತಿದ್ಲು. ಸುಗ್ಗಿಗೆ ವರ್ಷದ ಕೂಲಿ ಅಂತ ಮನಿಗಿಷ್ಟ ಜೋಳದ ಆಯ ಅಳೀತಿದ್ರು. ಅಳೀದೇ ಇದ್ದ ಮನಿ ಅರಿವಿ ಏನ ಮಾಡ್ತಿದ್ಲು, ಗೊತ್ತೈತೇನು?"

"ಹರಿತಿದ್ಲು?"

"ಛೆ. ಒಗದು, ಹಿಂಡದ, ಹಸೀದೇ ಗಂಟು ಕಟ್ಟಿ ಅವರ ಮನಿ ಮುಂದಿನ ಕಟ್ಟಿ ಮ್ಯಾಲ ಇಟ್ಟು ಬರ್ತಿದ್ಲು. ಆಯ ಅಳಿಯೂತನಕ ಆ ಗಂಟು ಯಾರೂ ಮುಟ್ಟಂಗಿಲ್ಲ."

ಅಮೃತಪ್ಪ ಚಹಾದ ಲೋಟ ಕೆಳಗಿಟ್ಟ. "ಶನಿವಾರ ನನ್ನ ಕತ್ರಿ ಎಲ್ಲೋ ಕಳೀತದ ನೋಡು," ಎಂದ.

ಕ್ಲಬ್ಬಿಗೆ ಉಳಿದದ್ದು ಒಂದೇ ಜೊತೆ ಸಮವಸ್ತ್ರ. ಬೇರೆ ಎರಡನ್ನು ಹೊಲಿದುಕೊಟ್ಟ ಅಂಗಡಿಯವರೇ ಬಾಕಿಗೆಂದು ಹೊತ್ತೊಯ್ದಿದ್ದರು. ಶನಿವಾರ ಮಧ್ಯಾಹ್ನ ಎರಡಕ್ಕೆ ರತ್ನವ್ವ ಆ ಒಂದು ಜೊತೆಯನ್ನು ಒಗೆದು, ಹಿಂಡದೆ, ಹಾಸಿಗೆಯ ಬಿಳಿ ಚಾದರದಲ್ಲಿ ಸುರಿದು ನಾಲ್ಕು ತುದಿ ಸೇರಿಸಿ ಅವ್ವನ ಗಂಟು ಹಾಕಿದಳು. ಒಂಬತ್ತನೇ ನಂಬರಿನ ಅಂಗಿಯನ್ನು ಮಾತ್ರ ಕರಾರಿನಂತೆ ಇಸ್ತ್ರಿ ಮಾಡಿದಳು. ಡೈರೆಕ್ಟರುಗಳ ಕೋಣೆಯಲ್ಲಿ ಹೊಸ ಮಾಲೀಕನಿಗೆಂದು ಜೋಡಿಸಿಟ್ಟ ಸ್ಯಾಂಡ್‌ವಿಚ್ಚುಗಳ ನಡುವೆ ಗಂಟನ್ನು ಇಟ್ಟಳು. ಅಂಗಿಯನ್ನು ಚೇರ್ಮನ್ನನ ಕುರ್ಚಿಗೆ ತೂಗುಹಾಕಿದಳು.

ಎರಡೂವರೆಗೆ ಆಟಗಾರರು ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ಸಾಲುಗಟ್ಟಿದರು. ನೀರು ಮೇಜಿನಿಂದಿಳಿದು ಕಾರ್ಪೆಟ್ಟಿನ ಮೇಲೆ ಹರಿಯುತ್ತಿತ್ತು. ಆ ಕಾರ್ಪೆಟ್ಟೂ ಬಾಡಿಗೆಯದು. ಹಸಿ ಗಂಟು ಎಳೆದಷ್ಟೂ ಬಿಗಿಯಾಯಿತು. ರಾಮಪ್ರಸಾದನ ಎರಡು ಉಗುರು ಮುರಿದವು. ಹುಡುಕಿದರೆ ಅಮೃತಪ್ಪನ ಕತ್ತರಿ ಎಲ್ಲೂ ಸಿಗಲಿಲ್ಲ. ಚೇರ್ಮನ್ ಬೆಣ್ಣೆ ಸವರುವ ಚಾಕುವಿನಿಂದ ಕೊಯ್ದು ನೋಡಿ, ಕೊನೆಗೆ ಮಂಡಿಯೂರಿ ಹಲ್ಲು ಹಚ್ಚಿದ. ಹೊಸ ಮಾಲೀಕ ಒಳಗೆ ಕಾಲಿಟ್ಟದ್ದು ಆಗಲೇ. ಅವನು ಬಾಗಿಲಲ್ಲೇ ನಿಂತು, ಬಾಯಲ್ಲಿ ಚಾದರ ಕಚ್ಚಿದ್ದ ಚೇರ್ಮನ್ನನನ್ನು ನೋಡಿದ. ಇದು ಇಲ್ಲಿನ ಹಳೆಯ ಸಂಪ್ರದಾಯವೇ ಎಂದು ವಿನಯದಿಂದ ಕೇಳಿದ.

ರಾಮಪ್ರಸಾದ್ ಕಾರಿಡಾರಿನಲ್ಲಿ ರತ್ನವ್ವನನ್ನು ಹಿಡಿದ. "ಏಯ್, ಏನೇ ಮಾಡಿದ್ದೀಯ? ಬಂದು ಬಿಚ್ಚು. ಕಾಲಿಗೆ ಬೀಳ್ಬೇಕಾ ಈಗ ನಿನ್ನ?"

"ಬ್ಯಾಡ್ರೀ ಸಾಹೇಬ್ರ. ಪ್ಯಾಂಟಿಗೆ ಮಣ್ಣ ಹತ್ತತೈತಿ. ಒಗಿಯಾಕ ಯಾರೂ ಇಲ್ಲ."

"ಸಹಿ ಹಾಕಿದ ಕಾಗದ ಎಲ್ಲಿ?"

"ಗಂಟಿನಾಗೈತಿ. ಸಹಿ ಹಾಕಿಲ್ಲ."

ರಸ್ತೆ ದಾಟಿದರೆ ಎದುರಿಗೇ ಅಂಚೆಯ ಕೌಂಟರ್ ಇರುವ ಕಿರಾಣಿ ಅಂಗಡಿ. ರತ್ನವ್ವ ಜೊತೆಗೆ ತಂದಿದ್ದ ಬಿಸ್ಕತ್ತಿನ ಡಬ್ಬಿ ತೆರೆದು ಚಿಟ್ಟಿಯ ಲಕೋಟೆ ತೆಗೆದಳು. ಮೂಲೆಗೆ ತುಕ್ಕಿನ ಕಲೆ ಹತ್ತಿತ್ತು, ಸೆರಗಿನಿಂದ ಒರೆಸಿದಳು. ಕೌಂಟರಿನ ಪಂಜಾಬಿ ಮುದುಕ ವಿಳಾಸ ಓದಿ ಕನ್ನಡಕ ಮೇಲೇರಿಸಿದ.

"ಇದು ಈ ಎದುರಿನ ಕ್ಲಬ್ಬೇ ಅಲ್ಲವೇ ತಾಯಿ? ಸಹಿ ಪಡೆದು ಕೊಡುವ ಅಂಚೆಗೆ ದುಡ್ಡು ಜಾಸ್ತಿ. ನಲವತ್ತು ಹೆಜ್ಜೆ ನಡೆದು ಹೋಗಿ ನೀವೇ ಕೊಡಬಹುದಲ್ಲ?"

"ಇಪ್ಪತ್ತೆರಡು ವರ್ಷ ಅರಿವಿ ಒಗದು ನಡಕೋತ ಹೋಗಿ ಕೊಟ್ಟೀನಿ," ಎಂದಳು ರತ್ನವ್ವ ತನ್ನ ಸಂಜೆ ತರಗತಿಯ ಇಂಗ್ಲಿಷಿನಲ್ಲಿ, ಒಂದೊಂದೇ ಮಾತನ್ನು ಜೋಡಿಸಿ. "ಒಬ್ಬರೂ ಸಹಿ ಮಾಡಿ ಇಸಕೊಂಡಿಲ್ಲ. ಇದನ್ನ ಸಹಿ ಮಾಡಿ ಇಸಕೊಳ್ಳಲಿ."

ಮುದುಕ ಲಕೋಟೆಯನ್ನು ತಕ್ಕಡಿಗಿಟ್ಟ. ಒಳಗಿರುವುದರ ಬೆಲೆ ಎಷ್ಟು ಎಂದು ಕೇಳಿದ. ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಅವಳು ಒಂಬತ್ತು ಸಾವಿರದ ಮುನ್ನೂರ ನಲವತ್ತು ಎಂದಳು. ಅವನು ಒಮ್ಮೆ ಅವಳ ಸೋಪು ತಿಂದ ಬೆರಳುಗಳನ್ನು ನೋಡಿ, ಮುದ್ರೆ ಒತ್ತಿ ಲಕೋಟೆಯನ್ನು ಹಿಂದಿನ ಬೂದು ಚೀಲಕ್ಕೆ ಹಾಕಿದ.